ಪೆಟ್ಟಿಗೆಗೆ ಬಂದ ಎರಡನೇ ಕಪ್ಪೆ

ಪುಷ್ಪಮ್ಮ ಬಹಳ ಒಳ್ಳೆಯವರು ಅಂತ ಈಗ ನಾಲ್ಕು ಜನ ಹೇಳುತ್ತಾರೆ. ಹೇಳಲಿ, ನನ್ನ ಗಂಟೇನು ಹೋಗುವುದಿಲ್ಲ. ಅವರು ನನ್ನನ್ನು ಕಂಡದ್ದು ಕೂದಲು ಬೆಳ್ಳಗಾದ ಮೇಲೆ. ಹತ್ತು ವರ್ಷದ ಪುಷ್ಪಿಯನ್ನು ಕಂಡಿದ್ದರೆ ಹಾಗೆ ಹೇಳುತ್ತಿರಲಿಲ್ಲ. ನಾನು ಕೆಟ್ಟ ಹುಡುಗಿಯಾಗಿದ್ದೆ. ತಂಟೆ, ತರಲೆ ಅಂತಾರಲ್ಲ, ಆ ತರಹದ ಕೆಟ್ಟತನ ಅಲ್ಲ. ಸುಮ್ಮನೆ ಕೂತು, ಲೆಕ್ಕ ಹಾಕಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡ ಹಾಗೆ ಮಾತಾಡಿ ಮಾಡುವ ಕೆಟ್ಟತನ. ಅದು ಎಲ್ಲಿಂದ ಬಂತು ಅಂತ ಹುಡುಕಿದರೆ ನಮ್ಮ ಮನೆಯ ಅಡುಗೆಮನೆಗೆ ಹೋಗಬೇಕಾಗುತ್ತದೆ.

ಮನೆ ಅಂದೆ, ಆದರೆ ಅದು ನಮ್ಮದಲ್ಲ, ಎಸ್ಟೇಟಿನದು. ಬಣಕಲ್ ದಾಟಿ ಒಳಗೆ ಹೋದರೆ ಒಂದು ದೊಡ್ಡ ಕಾಫಿ ಎಸ್ಟೇಟು, ಅಪ್ಪ ಅಲ್ಲಿ ರೈಟರು. ಆಳುಗಳ ಹಾಜರಿ ಬರೆಯುವುದು, ಗೊಬ್ಬರದ ಮೂಟೆ ಎಣಿಸುವುದು, ಸಸಿಗಳ ನರ್ಸರಿ ನೋಡಿಕೊಳ್ಳುವುದು ಅವರ ಕೆಲಸ. ನಮಗೆ ಕೊಟ್ಟಿದ್ದು ಎರಡು ಕೋಣೆ, ಒಂದು ಅಡುಗೆಮನೆ, ಹಿಂದುಗಡೆ ತಗಡು ಹೊದಿಸಿದ ಬಚ್ಚಲು. ಗೋಡೆಗೆ ಮೊಳೆ ಹೊಡೆಯಬೇಕಾದರೂ ಆಫೀಸಿನಲ್ಲಿ ಕೇಳಬೇಕಿತ್ತು. ಮಂಚ ಎಸ್ಟೇಟಿನದು, ಬೆಂಚು ಎಸ್ಟೇಟಿನದು, ಅಮ್ಮ ಕೂತು ತರಕಾರಿ ಹೆಚ್ಚುತ್ತಿದ್ದ ಮಣೆಗೂ ಅಡಿಯಲ್ಲಿ ಕಪ್ಪು ಬಣ್ಣದ ನಂಬರು ಇತ್ತು. ಹೀಗಾಗಿ ನಮ್ಮದು ಅನ್ನುವ ಚೂರುಪಾರು ವಸ್ತುವಿನ ಮೇಲೆ ನಮಗೆಲ್ಲ ಅತಿಯಾದ ಹಟ. ಅಮ್ಮನಿಗೆ ಅವಳ ಒಲೆ, ಅವಳ ಮೊಸರಿನ ಮಡಕೆ, ಅವಳ ಕೋಳಿಗಳು. ನನಗೆ ಕಿಟಕಿಯ ಕಟ್ಟೆ ಮೇಲಿದ್ದ ಗಾಜಿನ ಪೆಟ್ಟಿಗೆ.

ಆಫೀಸಿನಲ್ಲಿ ಪಾರ್ಚ್‌ಮೆಂಟ್ ಕಾಫಿಬೀಜದ ಸ್ಯಾಂಪಲ್ ಇಡಲು ಮಾಡಿಸಿದ್ದ ಪೆಟ್ಟಿಗೆ ಅದು. ಒಂದು ಬದಿಯ ಗಾಜು ಒಡೆದ ಮೇಲೆ ಮೂಲೆಗೆ ಬಿಸಾಕಿದ್ದರು. ಅಪ್ಪ ಕೇಳಿ ತಂದು, ಒಡೆದ ಕಡೆ ಸೊಳ್ಳೆಯ ಜಾಲರಿ ಹೊಡೆದು ಕೊಟ್ಟರು. ಅದರೊಳಗೆ ನನ್ನ ಮರಗಪ್ಪೆ ಇತ್ತು. ಬೇಸಿಗೆಯಲ್ಲಿ ಹೊರಗೆ ಎಲ್ಲ ಒಣಗಿದಾಗ ಮರಗಪ್ಪೆಗಳು ತಂಪು ಹುಡುಕಿ ಬಚ್ಚಲಿಗೆ ಬರುತ್ತವೆ, ಹಂಡೆಯ ಹಿಂದೆ ಗೋಡೆಗೆ ಅಂಟಿಕೊಂಡು ಕೂರುತ್ತವೆ. ಹಾಗೆ ಬಂದದ್ದು ಇದು. ಕಂದು ಮೈ, ನನ್ನ ಮುಷ್ಟಿಯಷ್ಟು ಗಾತ್ರ, ಗದ್ದದ ಕೆಳಗೆ ಜೋಲುವ ಚರ್ಮ. ಯಾರು ಎದುರಿಗೆ ಬಂದರೂ ರೆಪ್ಪೆ ಬಡಿಯದೆ ನೋಡುತ್ತಿತ್ತು. ನಮ್ಮ ಎಸ್ಟೇಟಿನ ಮ್ಯಾನೇಜರೂ ಹಾಗೇ ಕೂರುತ್ತಿದ್ದರು, ಆದ್ದರಿಂದ ಅದಕ್ಕೆ ಮ್ಯಾನೇಜರ್ ಅಂತಲೇ ಹೆಸರಿಟ್ಟೆ. ಆ ಹೆಸರು ಹೊರಗೆ ಯಾರ ಎದುರಿಗೂ ಹೇಳಬಾರದು ಅಂತ ಅಪ್ಪ ಆಣೆ ಹಾಕಿಸಿಕೊಂಡಿದ್ದರು. ತೆಂಗಿನ ಚಿಪ್ಪಿನಲ್ಲಿ ನೀರು, ಹತ್ತಿ ಕೂರಲು ಕಾಫಿಯ ಒಂದು ರೆಂಬೆ, ದಿನಕ್ಕೆ ಎರಡು ಮಿಡತೆ. ಇಷ್ಟು ಕೊಟ್ಟರೆ ಮ್ಯಾನೇಜರಿಗೆ ಬೇರೇನೂ ಬೇಡ.

ಒಂದು ದಿನ ಉಪ್ಪು ಖಾರ ಹಚ್ಚಿ ಮಾವಿನಕಾಯಿ ತಿಂದ ಕೈಯಲ್ಲೇ ಅದನ್ನು ಎತ್ತಿಕೊಂಡೆ. ಎತ್ತಿದ್ದೇ ತಡ, ಕಾಲು ಝಾಡಿಸತೊಡಗಿತು, ಮೈಯೆಲ್ಲ ನೊರೆನೊರೆ. ಅಪ್ಪ ಮನೆಯಲ್ಲಿದ್ದದ್ದು ಪುಣ್ಯ. ನನ್ನ ಕೈಯಿಂದ ಕಸಿದುಕೊಂಡು ನೀರಿನ ಬಕೆಟ್ಟಿಗೆ ಅದ್ದಿದರು, ಎತ್ತಿದರು, ಮತ್ತೆ ಅದ್ದಿದರು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡಿತು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು:

"ಕಪ್ಪೆಗೆ ಚರ್ಮಾನೇ ಬಾಯಿ ಮಾರಾಯ್ತಿ. ಮೈಗೆ ಎಂತ ತಾಗಿದ್ರೂ ಒಳಗೆ ಎಳ್ಕೊಳ್ತದೆ. ಉಪ್ಪು, ಸೋಪು, ಬೂದಿ, ಯಾವುದೂ ತಾಗಬಾರ್ದು. ತಾಗಿದ್ರೆ ತಕ್ಷಣ ನೀರಿಗೆ ಹಾಕು."

ಈ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಅಮ್ಮ ಹೊರಗೆ ಕಟ್ಟಿಗೆ ಒಡೆಯುತ್ತಿದ್ದಳು. ಅವಳಿಗೆ ಕಪ್ಪೆಯ ವಿಷಯ ಯಾವತ್ತೂ ಬೇಕಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಗಿರಿಜತ್ತೆ ಬಂದಳು. ಅಪ್ಪನ ತಂಗಿ. ಕಳಸದ ಕಡೆ ಮದುವೆ ಮಾಡಿಕೊಟ್ಟಿದ್ದರು. ಮಧ್ಯಾಹ್ನದ ಬಸ್ಸಿಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಜೊತೆಗೆ ನನ್ನ ವಯಸ್ಸಿನ ಮಗಳು ಲಲಿತ. ನಾಲ್ಕು ದಿನ ಇದ್ದು ಹೋಗುತ್ತಾಳೆ ಅಂತ ಅಪ್ಪ ಅಮ್ಮನಿಗೆ ಹೇಳಿದರು. ನಾಲ್ಕು ದಿನಕ್ಕೆ ಯಾರಾದರೂ ಟ್ರಂಕು ತರುತ್ತಾರಾ? ಗಂಡನ ಮನೆಯಲ್ಲಿ ಏನಾಯಿತು ಅಂತ ಮಕ್ಕಳಾದ ನಮಗೆ ಯಾರೂ ಹೇಳಲಿಲ್ಲ. ಅವರು ವಾಪಸ್ಸು ಹೋಗುವವರಲ್ಲ ಅನ್ನುವುದು ಮಾತ್ರ ಮೊದಲ ವಾರದಲ್ಲೇ ಅಮ್ಮನಿಗೆ ಗೊತ್ತಾಯಿತು. ಅವತ್ತಿನಿಂದ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡತೊಡಗಿದವು.

ನಮ್ಮಮ್ಮ ನೇರವಾಗಿ ಜಗಳ ಆಡುವವಳಲ್ಲ. ಸಿಟ್ಟು ಬಂದರೆ ಚೊಂಬನ್ನು ಕುಕ್ಕಿ ಇಡುವುದು, ಸೌಟನ್ನು ಬಡಿಯುವುದು, ಕೋಳಿಗೆ ಬೈಯುವುದು. "ತಿನ್ನೋಕೆ ಮಾತ್ರ ಬರ್ತವೆ ನೋಡು" ಅಂತ ಕೋಳಿಗೆ ಅಂದರೆ ಯಾರಿಗೆ ಅಂದದ್ದು ಅಂತ ಬಾಗಿಲ ಹಿಂದಿದ್ದವರಿಗೆ ಗೊತ್ತಾಗುತ್ತಿತ್ತು. ಅತ್ತೆಯೂ ಬಿಡುವ ಪೈಕಿ ಅಲ್ಲ. ಒಂದು ದಿನ ಸಾರಿಗೆ ಬೆಲ್ಲದ ಚೂರು ಹಾಕಿದಳು, ಅವರ ತಾಯಿ ಹಾಗೆ ಮಾಡುತ್ತಿದ್ದರಂತೆ. ಅಪ್ಪ ಪಾಪ, ಏನೂ ತಿಳಿಯದೆ ಎರಡು ಸಲ ಹಾಕಿಸಿಕೊಂಡು ಉಂಡರು. ಅಮ್ಮ ಅವತ್ತು ಊಟ ಮಾಡಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದಳು. ಮರುದಿನದಿಂದ ಬೆಲ್ಲದ ಡಬ್ಬ ಅಟ್ಟಕ್ಕೆ ಹೋಯಿತು. ಇನ್ನೊಂದು ದಿನ ಅಕ್ಕಿರೊಟ್ಟಿಯ ದಪ್ಪದ ಮೇಲೆ ಜಗಳ. ಇಬ್ಬರೂ ಬೇರೆ ಬೇರೆ ಹಿಟ್ಟು ಕಲಸಿ, ಒಂದೇ ಕಾವಲಿಗೆ ಕಾದು ನಿಂತರು. ಅಪ್ಪ ಎರಡೂ ರೊಟ್ಟಿ ತಿಂದು, ಎರಡರ ವಿಷಯವೂ ಬಾಯಿ ಬಿಡದೆ ಆಫೀಸಿಗೆ ಹೋದರು. ಅವರ ಜೀವನವೇ ಹಾಗೆ, ಹೆಂಡತಿಯನ್ನೂ ನೋಯಿಸಬಾರದು, ತಂಗಿಯನ್ನೂ ನೋಯಿಸಬಾರದು. ಕೊನೆಗೆ ಇಬ್ಬರೂ ನೊಂದರು.

ನಾನು ಅಮ್ಮನ ಪಾರ್ಟಿ. ಲಲಿತನ ಮೇಲೆ ನನಗೆ ಹಗೆ ಹುಟ್ಟಲು ಅವಳು ಏನೂ ಮಾಡಬೇಕಾಗಿರಲಿಲ್ಲ. ನನ್ನ ಚಾಪೆಯ ಅರ್ಧ ಅವಳದಾಯಿತು, ನನ್ನ ಕಂಬಳಿಯ ಅರ್ಧ ಅವಳದಾಯಿತು. ಮಲಗಿದರೆ ಕೋಲಿನ ಹಾಗೆ ಒಂದು ಬದಿಗೆ ಮಲಗುತ್ತಿದ್ದಳು. ಕಾಲು ತಾಗಿಸಿದ್ದರೆ ಒದೆಯಬಹುದಿತ್ತು, ತಾಗಿಸುತ್ತಿರಲಿಲ್ಲ. ಬೆಳಿಗ್ಗೆ ನನಗಿಂತ ಮೊದಲು ಎದ್ದು ನನ್ನ ಲಂಗವನ್ನೂ ಮಡಚಿ ಇಡುತ್ತಿದ್ದಳು. ನಾನು ಅದನ್ನು ಬಿಚ್ಚಿ ಎಸೆದರೆ ಮತ್ತೆ ಮಡಚುತ್ತಿದ್ದಳು. ಎಷ್ಟು ಕೆಣಕಿದರೂ ತಿರುಗಿ ಬೀಳದವಳ ಮೇಲೆ ಬರುವ ಸಿಟ್ಟು ಇದೆಯಲ್ಲ, ಅದು ಬೇರೆ ಯಾವುದಕ್ಕೂ ಬರುವುದಿಲ್ಲ.

ಇದರ ಮೇಲೆ ಕೋಳಿಯ ಪ್ರಸಂಗ. ಅಮ್ಮ ಎರಡು ಸಲ ಕಾವಿಗೆ ಕೂರಿಸಿದ ಮೊಟ್ಟೆ ಹಾಳಾಗಿತ್ತು. ಮೂರನೇ ಸಲ ಅವಳ ಕೈಯಲ್ಲಿ ಬೇರೆ ಕೆಲಸ ಇತ್ತೋ ಏನೋ, ಮೊಟ್ಟೆ ಇಡಲು ಲಲಿತನಿಗೆ ಹೇಳಿದಳು. ಒಂದೂ ಬಿಡದೆ ಎಲ್ಲ ಮರಿಯಾದವು. ಅಮ್ಮ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮರಿಗಳನ್ನು ನೋಡುತ್ತ, ಮನಸ್ಸಿಲ್ಲದ ಮನಸ್ಸಿನಿಂದ, ಹುಡುಗಿಯ ಕೈಗುಣ ಚೆನ್ನಾಗಿದೆ ಅಂದಳು. ನಮ್ಮ ಕಡೆ ಕೈಗುಣ ಅಂದರೆ ಬಾಯಿಮಾತಿನ ಹೊಗಳಿಕೆ ಅಲ್ಲ. ಮೆಣಸಿನ ಬಳ್ಳಿ ಯಾರು ನೆಟ್ಟರೆ ಹತ್ತುತ್ತದೆ, ಯಾರು ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗುತ್ತದೆ, ಕರು ಹಾಕಿದ ಹಸುವನ್ನು ಮೊದಲು ಯಾರು ಕರೆಯಬೇಕು, ಎಲ್ಲ ಕೈಗುಣ ನೋಡಿಯೇ. ಕೈಗುಣ ಇದ್ದವರು ಯಾರ ಮನೆಯಲ್ಲಿದ್ದರೂ ಭಾರ ಆಗುವುದಿಲ್ಲ. ಅಮ್ಮ ಆ ಮಾತು ಅಂದ ದಿನ ಅತ್ತೆ ಮೊದಲ ಸಲ ನಮ್ಮ ಮನೆಯಲ್ಲಿ ನಗುತ್ತ ಊಟ ಮಾಡಿದಳು. ಲಲಿತ ಅಂತೂ ತನ್ನ ಎರಡು ಅಂಗೈಯನ್ನು ಬಿಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಆ ಮನೆಯಲ್ಲಿ ಇರಲು ಸಿಕ್ಕಿದ್ದು ಅದೊಂದೇ ಕಾರಣ, ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನರ್ಸರಿಯ ಕೆಲಸ ಶುರುವಾಗುವ ಕಾಲ ಬಂತು. ಮರಳಿನ ಪಾತಿಯಲ್ಲಿ ಮೊಳೆತ ಕಾಫಿ ಸಸಿಯನ್ನು ಕಿತ್ತು, ಮಣ್ಣು ತುಂಬಿದ ಚೀಲಕ್ಕೆ ಹಾಕಬೇಕು. ಆ ದಿನ ಮೊದಲ ಸಸಿಯನ್ನು ಒಳ್ಳೆಯ ಕೈಯವರಿಂದ ಹಾಕಿಸಿ, ತೆಂಗಿನಕಾಯಿ ಒಡೆದು, ಆಮೇಲೆ ಆಳುಗಳು ಕೈ ಹಾಕುತ್ತಾರೆ. ನನಗೆ ಆರು ವರ್ಷ ಆದಾಗಿನಿಂದ ಅದು ನನ್ನ ಕೆಲಸ. ಮೇಸ್ತ್ರಿ ನನ್ನನ್ನು ಪಾತಿಯ ಹತ್ತಿರ ಕರೆದುಕೊಂಡು ಹೋಗಿ ಮಣೆ ಹಾಕಿ ಕೂರಿಸುತ್ತಿದ್ದ. ಹೆಣ್ಣಾಳುಗಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಬೆಲ್ಲ, ಕಾಯಿಚೂರು ಮೊದಲು ನನ್ನ ಕೈಗೆ. ವರ್ಷಕ್ಕೆ ಒಂದು ಸಲ ನಾನು ರೈಟರ ಮಗಳಾಗುತ್ತಿದ್ದೆ. ಆ ವರ್ಷ ಊಟಕ್ಕೆ ಕೂತಾಗ ಅಪ್ಪ ಅನ್ನ ಕಲಸುತ್ತ, ಈ ಸಲ ಮೊದಲ ಸಸಿ ಲಲಿತನ ಕೈಯಲ್ಲಿ ಹಾಕಿಸೋಣ ಅಂದರು. ಅಮ್ಮ ಏನಾದರೂ ಅನ್ನುತ್ತಾಳೆ ಅಂತ ಅವಳ ಮುಖ ನೋಡಿದೆ. ಅವಳು ಸಾರು ಬಡಿಸುತ್ತಿದ್ದಳು. ಕೋಳಿಮರಿಗಳಿಗಾಗಿ ಅಮ್ಮನೂ ನನ್ನನ್ನು ಬಿಟ್ಟುಕೊಟ್ಟಿದ್ದಳು.

ಲಲಿತನಿಗೆ ಕಪ್ಪೆ ಸಿಕ್ಕಿದ್ದು ಅದೇ ವಾರ. ನಲ್ಲಿಯ ಹತ್ತಿರದ ಕೆಸುವಿನ ಎಲೆಯ ಮೇಲೆ ಕೂತಿತ್ತಂತೆ. ಹೆಬ್ಬೆರಳಿನಷ್ಟು, ಎಳೆ ಎಲೆಯ ಹಸಿರು. ಅದಕ್ಕೆ ಚಿನ್ನಿ ಅಂತ ಹೆಸರಿಟ್ಟು, ಬೊಗಸೆಯಲ್ಲಿ ಹಿಡಿದುಕೊಂಡು ಬಂದು, ನಿನ್ನ ಮ್ಯಾನೇಜರಿಗೆ ಜೊತೆ ತಂದಿದ್ದೇನೆ ಅಂದಳು. ಅವನಿಗೆ ಜೊತೆ ಬೇಡ ಅಂದೆ. ಅತ್ತೆ ಅಡುಗೆಮನೆಯಿಂದಲೇ, ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಒಂದು ಕಪ್ಪೆಗೆ ಎಷ್ಟು ಜಾಗ ಬೇಕಪ್ಪ ಅಂದಳು. ಅಮ್ಮ ಸೌಟು ಕೆಳಗಿಟ್ಟು, ಪೆಟ್ಟಿಗೆ ಇದ್ದವರು ಅವರವರ ಪೆಟ್ಟಿಗೆಯಲ್ಲಿ ಇರಬೇಕು, ಕಂಡವರ ಪೆಟ್ಟಿಗೆಗೆ ಹೋಗಬಾರದು ಅಂದಳು. ಅತ್ತೆಯ ಮುಖ ಕೆಂಪಾಯಿತು. ಅಣ್ಣನ ಮನೆ ಕಂಡವರ ಮನೆಯಾ ಅತ್ತಿಗೆ ಅಂತ ಕೇಳಿದಳು. ಕಪ್ಪೆಯಿಂದ ಶುರುವಾದದ್ದು ಅತ್ತೆಯ ಮದುವೆಗೆ ಹಾಕಿದ ಚಿನ್ನದ ಬೋರ್ಮಾಳೆ ಸರದವರೆಗೆ ಹೋಯಿತು. ಸಂಜೆ ಅಪ್ಪ ಬಂದು ಎರಡೂ ಕಡೆ ಕೇಳಿ, ತಲೆ ಕೆರೆದುಕೊಂಡು, ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರಲಿ ಅಂತ ತೀರ್ಪು ಕೊಟ್ಟರು.

ಬಿಟ್ಟದ್ದಾಯಿತು. ಮ್ಯಾನೇಜರ್ ರೆಂಬೆಯ ಮೇಲಿಂದ ಸ್ವಲ್ಪ ಹೊತ್ತು ನೋಡಿತು. ಚಿನ್ನಿ ನೀರಿನ ಚಿಪ್ಪಿನ ಪಕ್ಕ ಕೂತಿತ್ತು. ಒಂದೇ ನೆಗೆತ, ಚಿನ್ನಿಯ ಹಿಂಗಾಲು ಮ್ಯಾನೇಜರಿನ ಬಾಯೊಳಗೆ. ಲಲಿತ ಕೂಗಿಕೊಳ್ಳಲಿಲ್ಲ. ಕೈ ಹಾಕಿ, ಮ್ಯಾನೇಜರಿನ ಬಾಯಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಬಿಡಿಸಿ, ಚಿನ್ನಿಯನ್ನು ಈಚೆಗೆ ತೆಗೆದಳು. ಕಾಲಿಗೆ ಪೆಟ್ಟಾಗಿರಲಿಲ್ಲ. ನನಗೆ ಒಳಗೊಳಗೇ ಖುಷಿ, ಶಹಬ್ಬಾಸ್ ಮ್ಯಾನೇಜರ್ ಅಂದುಕೊಂಡೆ. ಲಲಿತ ಚಿನ್ನಿಯನ್ನು ಒಂದು ಹಿತ್ತಾಳೆ ಚೊಂಬಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟುಕೊಂಡಳು. ಅಮ್ಮ ಮರುದಿನ ಬೆಳಿಗ್ಗೆ ಆ ಚೊಂಬು ನನ್ನದು, ಖಾಲಿ ಮಾಡಿಕೊಡು ಅಂದಳು. ಅವಳ ಕಪ್ಪೆಯನ್ನು ಆ ಮನೆಯಲ್ಲಿ ಇಡಲು ಬೇರೆ ಪಾತ್ರೆ ಇರಲಿಲ್ಲ.

ಅವತ್ತು ಮಧ್ಯಾಹ್ನ ಅಪ್ಪ ಮೂಡಿಗೆರೆಗೆ ಹೋಗಿದ್ದರು. ಅಮ್ಮ ಸೌದೆಗೆ, ಅತ್ತೆ ಬಟ್ಟೆ ಒಗೆಯಲು. ನಾನು ಬಚ್ಚಲಿನ ಬಾಗಿಲಲ್ಲಿ ಕೂತು ಪುಸ್ತಕ ತೆರೆದುಕೊಂಡಿದ್ದೆ. ಲಲಿತ ಚೊಂಬು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಆ ಮಾತು ಅಕ್ಷರ ಅಕ್ಷರ ನನಗೆ ನೆನಪಿದೆ.

"ಪುಷ್ಪಿ, ಇವೆರಡೂ ಹೊಂದ್ಕೊಳ್ಳೋ ಹಾಗೆ ಎಂತ ಮಾಡ್ಬೇಕೇ? ನಿಂಗೆ ಕಪ್ಪೆ ವಿಷಯ ಎಲ್ಲ ಗೊತ್ತಲ್ಲ."

"ಅಮ್ಮ ಹೊಸ ಕೋಳಿ ತಂದಾಗ ಮಾಡ್ತಾಳಲ್ಲ, ಹಾಗೆ ಮಾಡು."

"ಎಂತ ಮಾಡ್ತಾರೆ ನಿನ್ನಮ್ಮ?"

"ಮೈಗೆಲ್ಲ ಒಲೆ ಬೂದಿ ಉಜ್ಜಿ ಗೂಡಿಗೆ ಬಿಡ್ತಾಳೆ. ಹೊಸ ವಾಸನೆ ಹೋಗ್ತದೆ. ಆಮೇಲೆ ಹಳೇವು ಕುಕ್ಕಲ್ಲ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅಮ್ಮ ಹೊಸ ಕೋಳಿಗೆ ಹಾಗೇ ಮಾಡುತ್ತಿದ್ದಳು, ಸುತ್ತಮುತ್ತ ಎಲ್ಲರೂ ಮಾಡುತ್ತಿದ್ದರು. ಅದಕ್ಕೇ ಆ ಮಾತನ್ನು ನಾನು ಆರಿಸಿಕೊಂಡದ್ದು. ಹಿಂದಿನ ರಾತ್ರಿಯೇ ಯೋಚಿಸಿ ಇಟ್ಟುಕೊಂಡಿದ್ದೆ. ಲಲಿತನ ಮುಖ ಅರಳಿತು. ಎದ್ದು ಹೋಗಿ ಗೆರಟೆಯಲ್ಲಿ ತಣ್ಣನೆಯ ಬೂದಿ ತಂದಳು. ಕಲ್ಲು ಇದ್ದಲು ಇರಬಾರದು ಅಂತ ಬೆರಳಲ್ಲಿ ಜರಡಿ ಹಿಡಿದ ಹಾಗೆ ಆರಿಸಿದಳು. ಆಮೇಲೆ ಏನೋ ನೆನಪಾಗಿ ನನ್ನ ಕಡೆ ತಿರುಗಿದಳು.

"ಮ್ಯಾನೇಜರ್‌ಗೂ ಹಚ್ಚಲಾ?"

"ಹಳೇ ಕೋಳಿಗೆ ಯಾರಾದ್ರೂ ಬೂದಿ ಹಚ್ತಾರಾ?"

ಮಗುವಿಗೆ ಪೌಡರ್ ಹಚ್ಚುವ ಹಾಗೆ ಹಚ್ಚಿದಳು. ಬೆನ್ನಿಗೆ, ಹೊಟ್ಟೆಗೆ, ಬೆರಳುಗಳ ಸಂದಿಗೆ. ಹಸಿರು ಬಣ್ಣವೆಲ್ಲ ಬೂದಿಯ ಬಣ್ಣವಾಯಿತು. ಮೊದಲು ಚಿನ್ನಿ ಸುಮ್ಮನಿತ್ತು. ಆಮೇಲೆ ಬಾಯಿ ಬಿಟ್ಟಿತು, ಮುಚ್ಚಿತು. ಕಾಲು ಝಾಡಿಸಿತು. ಅವಳ ಅಂಗೈಯಲ್ಲೇ ಹೊರಳಿ ಬೆನ್ನ ಮೇಲಾಯಿತು. ಏನಾಗ್ತಾ ಇದೆ ಪುಷ್ಪಿ, ಏನಾಗ್ತಾ ಇದೆ ಅಂತ ಕೇಳುತ್ತಲೇ ಇದ್ದಳು. ಬಚ್ಚಲ ಬಾಗಿಲಲ್ಲಿ ಬಕೆಟ್ಟು ತುಂಬ ನೀರಿತ್ತು, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ. ಅದ್ದು ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಮಾತು. ನಾನು ಅನ್ನಲಿಲ್ಲ. ಕಾರಣ ಕೇಳಿದರೆ ಇಷ್ಟೇ: ಅದು ಸಾಯಲಿ ಅಂತ ನನಗೆ ಇತ್ತು, ಅವಳ ಕೈಯಲ್ಲೇ ಸಾಯಲಿ ಅಂತ ಇತ್ತು. ಸತ್ತಿತು. ಅದಾದ ಮೇಲೂ ಬಹಳ ಹೊತ್ತು ಅವಳು ಬೊಗಸೆ ಮುಚ್ಚಿರಲಿಲ್ಲ.

ಅಮ್ಮ ಸೌದೆ ಹೊರೆ ಇಳಿಸಿ ಬಂದಳು, ಹಿಂದೆಯೇ ಅತ್ತೆಯೂ ಬಂದಳು. ಲಲಿತ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೋಳಿಗೆ ಹಚ್ಚುವ ಹಾಗೆ ಬೂದಿ ಹಚ್ಚು ಅಂತ ಪುಷ್ಪಿ ಹೇಳಿದಳು, ಹಚ್ಚಿದೆ ಅಂತ. ಇಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅಮ್ಮ ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಹೇಳಿದಳು:

"ಅವಳು ಸರಿಯಾಗೇ ಹೇಳಿದ್ದಾಳೆ. ಬೂದಿಯಿಂದ ಎಂತ ಆಗ್ತದೆ? ಇಷ್ಟು ಕೋಳಿಗೆ ಹಚ್ಚಿದೀನಿ, ಒಂದಾದ್ರೂ ಸತ್ತಿದೆಯಾ? ಬೂದಿದಲ್ಲ ಇದು, ಕೈಯದ್ದು."

ಅತ್ತೆ ಏನೋ ಹೇಳಲು ಹೋದಳು. ಅವಳಿಗೂ ಬೂದಿ ಕೊಲ್ಲುತ್ತದೆ ಅಂತ ಗೊತ್ತಿರಲಿಲ್ಲ, ಆದ್ದರಿಂದ ಹೇಳಲು ಏನೂ ಸಿಗಲಿಲ್ಲ. ಕೋಳಿಮರಿ ಆದದ್ದು ಕೋಳಿಯ ಪುಣ್ಯ, ಈ ಹುಡುಗಿ ಮುಟ್ಟಿದ್ದು ಅಂಗೈಯಲ್ಲೇ ಹೋಗುತ್ತದೆ ಅಂತ ಅಮ್ಮ ಅವತ್ತೇ ಪಕ್ಕದ ಕ್ವಾರ್ಟರ್ಸಿನವರಿಗೂ ಹೇಳಿ ಬಂದಳು. ಅತ್ತೆಯ ಮೇಲಿನ ಸಿಟ್ಟಿಗೆಲ್ಲ ಅವಳಿಗೆ ಒಂದು ದಾರಿ ಸಿಕ್ಕಿತ್ತು. ದಾರಿ ಮಾಡಿಕೊಟ್ಟವಳು ನಾನು.

ಅಪ್ಪ ಸಂಜೆಯ ಬಸ್ಸಿಗೆ ಬಂದರು. ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಬೂದಿ ಅನ್ನುವ ಮಾತು ಬಂದಾಗ ಚಪ್ಪಲಿ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ನೀನು ಎಲ್ಲಿದ್ದೆ?"

"ಅಲ್ಲೇ ಓದ್ತಾ ಇದ್ದೆ."

ಅವರಿಗೆ ಗೊತ್ತಾಗಿತ್ತು. ಬಾಯಿ ಬಿಟ್ಟರೆ ಹೆಂಡತಿಗೂ ತಂಗಿಗೂ ಹೊಸ ಯುದ್ಧ ಶುರು, ಮಗಳ ಬಂಡವಾಳವೂ ಬಯಲು. ಅಪ್ಪ ಇನ್ನೊಂದು ಚಪ್ಪಲಿಯನ್ನೂ ಬಿಚ್ಚಿ ಬಚ್ಚಲಿಗೆ ಹೋದರು. ನನ್ನಪ್ಪನನ್ನು ದೇವರಂಥ ಮನುಷ್ಯ ಅನ್ನುವವರು ಈಗಲೂ ಬಣಕಲ್ ಕಡೆ ಇದ್ದಾರೆ. ನನಗೆ ಆ ಚಪ್ಪಲಿಯ ನೆನಪಾದಾಗಲೆಲ್ಲ ಅವರ ಮೇಲೆ ಸಿಟ್ಟು ಬರುತ್ತದೆ. ನನ್ನ ಕೆನ್ನೆಗೆ ಎರಡು ಬಾರಿಸಿ, ಲಲಿತನನ್ನು ಕರೆದು ಒಂದು ಮಾತು ಹೇಳಿದ್ದರೆ ಅವತ್ತಿಗೇ ಮುಗಿದುಹೋಗುತ್ತಿತ್ತು.

ನರ್ಸರಿಯ ದಿನ ಮಣೆಯ ಮೇಲೆ ನನ್ನನ್ನೇ ಕೂರಿಸಿದರು. ಅಪ್ಪ ಸಸಿ ಕೊಟ್ಟರು, ಮುಖ ನೋಡಲಿಲ್ಲ. ಲಲಿತ ಹೆಣ್ಣಾಳುಗಳ ಹಿಂದೆ, ಎರಡೂ ಕೈಯನ್ನು ಲಂಗದ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಬೆಲ್ಲ ತಿಂದೆ. ಸಿಹಿಯಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮುಂದೆ ಎರಡು ವರ್ಷ ಅವರು ನಮ್ಮ ಮನೆಯಲ್ಲಿದ್ದರು. ಲಲಿತ ಪಾತ್ರೆ ತೊಳೆದಳು, ನೆಲ ಸಾರಿಸಿದಳು, ಬಟ್ಟೆ ಒಗೆದಳು. ಮೊಸರಿನ ಮಡಕೆ, ಕೋಳಿಬುಟ್ಟಿ, ಹೂವಿನ ಗಿಡ, ಇವುಗಳ ಹತ್ತಿರ ಬಂದರೆ ಅಮ್ಮ ಹೂಂ ಅಂತ ಒಂದು ಸದ್ದು ಮಾಡುತ್ತಿದ್ದಳು, ಅಷ್ಟಕ್ಕೇ ಲಲಿತ ಹಿಂದೆ ಸರಿಯುತ್ತಿದ್ದಳು. ಮೊದಮೊದಲು ಅತ್ತೆ ಮಗಳ ಪರವಾಗಿ ಜಗಳ ಆಡುತ್ತಿದ್ದಳು. ಒಂದು ಸಲ ಉಪ್ಪಿನಕಾಯಿಯ ಜಾಡಿಗೆ ಬೂಸಲು ಬಂದಾಗ ಅತ್ತೆಯೇ, ನೀನೇನಾದರೂ ಮುಟ್ಟಿದೆಯಾ ಅಂತ ಅವಳನ್ನು ಕೇಳಿದಳು. ಲಲಿತ ಇಲ್ಲ ಅಂದು ಹಿತ್ತಲಿಗೆ ಹೋದಳು. ಆಮೇಲೆ ಅತ್ತೆಗೆ ಕಳಸದಲ್ಲಿ ಒಂದು ಹಾಸ್ಟೆಲ್ಲಿನ ಅಡುಗೆ ಕೆಲಸ ಸಿಕ್ಕಿತು. ಅದೇ ಟ್ರಂಕು, ಅದೇ ಹಾಸಿಗೆ ಸುರುಳಿ ಹಿಡಿದುಕೊಂಡು ಹೋದರು. ನನಗೆ ನನ್ನ ಚಾಪೆ ಪೂರ್ತಿ ಸಿಕ್ಕಿತು.

ದೊಡ್ಡವರಾದ ಮೇಲೆ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು. ನಾನು ಮದುವೆಯಾಗಿ ಚಿಕ್ಕಮಗಳೂರಿಗೆ ಬಂದೆ. ಅವಳು ಕಳಸದಲ್ಲೇ ಹೊಲಿಗೆ ಅಂಗಡಿ ಇಟ್ಟಳು. ಯಾಕೆ ಹೊಲಿಗೆ ಅಂತ ಕೇಳಿದ್ದಕ್ಕೆ ಬಟ್ಟೆಗೆ ಜೀವ ಇರುವುದಿಲ್ಲವಲ್ಲ, ನನ್ನ ಕೈಗೆ ಅದೇ ಸರಿ ಅಂತ ನಕ್ಕಳು. ನಾನೂ ನಕ್ಕೆ. ಮದುವೆ, ಮುಂಜಿ, ತಿಥಿಗಳಲ್ಲಿ ಸಿಗುತ್ತಿದ್ದೆವು. ನನ್ನ ಮೊಮ್ಮಗಳಿಗೆ ಫ್ರಾಕು ಹೊಲಿದು ಕಳಿಸುತ್ತಿದ್ದಳು. ಒಂದೊಂದು ಸಲ ಹೇಳಿಬಿಡೋಣ ಅನ್ನಿಸುತ್ತಿತ್ತು. ಒಂದು ಕಪ್ಪೆಯ ವಿಷಯ, ಮಕ್ಕಳಾಟ, ಅವಳಿಗೆ ನೆನಪಿರುತ್ತದೋ ಇಲ್ಲವೋ ಅಂತ ಬಿಡುತ್ತಿದ್ದೆ.

ಕಳೆದ ವರ್ಷ ಮಳೆ ಹಿಡಿಯುವ ಮೊದಲು ಅವಳ ಮನೆಗೆ ಹೋಗಿದ್ದೆ. ಅಂಗಳದ ತುಂಬ ಗಿಡ. ದಾಸವಾಳ, ಸೇವಂತಿಗೆ, ಡೇಲಿಯ, ಗೋಡೆಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಲಲಿತ ಮೆಟ್ಟಿಲ ಮೇಲೆ ನಿಂತು, ಪಕ್ಕದ ಮನೆಯ ಹೆಂಗಸಿಗೆ ಎಲ್ಲಿ ಅಗೆಯಬೇಕು, ಎಷ್ಟು ಆಳ, ಯಾವ ಕಡ್ಡಿ ಅಂತ ಹೇಳುತ್ತಿದ್ದಳು. ಆ ಹೆಂಗಸು ಮಣ್ಣಲ್ಲಿ ಕೂತು ನೆಡುತ್ತಿದ್ದಳು. ನನಗೆ ಒಂದು ದಾಸವಾಳದ ಕಡ್ಡಿ ಬೇಕು, ಮುರಿದು ಕೊಡು ಅಂದೆ. ತಾಳು, ಅವಳ ಕೈಯಲ್ಲಿ ಮುರಿಸಿ ಕೊಡುತ್ತೇನೆ, ನನ್ನ ಕೈ ಬೇಡ ಅಂದಳು. ಎಷ್ಟು ಸಹಜವಾಗಿ ಅಂದಳು ಅಂದರೆ, ಆ ಹೆಂಗಸು ತಲೆ ಎತ್ತಿ ಸಹ ನೋಡಲಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. ಎಲ್ಲವನ್ನೂ. ಅಪ್ಪ ಹೇಳಿದ್ದ ಮಾತು, ಹಿಂದಿನ ರಾತ್ರಿ ಯೋಚಿಸಿದ್ದು, ಬಕೆಟ್ಟು ತುಂಬ ನೀರು. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಅವಳು ಅಳಲಿಲ್ಲ. ಕೈ ತಟ್ಟೆಯಲ್ಲೇ ಇತ್ತು, ಅನ್ನ ಬೆರಳಿಗೆ ಒಣಗಿ ಅಂಟಿಕೊಂಡಿತ್ತು.

"ನನ್ನ ಮಗ ಸಣ್ಣವನಿದ್ದಾಗ ಪದೇ ಪದೇ ಜ್ವರ ಬರ್ತಿತ್ತು," ಅಂದಳು. "ಒಂದು ಚಮಚ ಔಷಧೀನೂ ನಾನು ಕುಡಿಸಿಲ್ಲ. ಮಗು ಅಮ್ಮಾ ಅಂತ ಅಳ್ತಿತ್ತು. ನಾನು ಓಡಿಹೋಗಿ ಪಕ್ಕದ ಮನೆಯವರನ್ನ ಕರ್ಕೊಂಡು ಬರ್ತಿದ್ದೆ. ಅವರ ಕೈಲಿ ಕುಡಿಸಿ, ಬಾಗಿಲಲ್ಲಿ ನಿಂತು ನೋಡ್ತಿದ್ದೆ."

"ಲಲಿತಾ, ನಾನು ಸಣ್ಣವಳು ಕಣೇ ಆಗ."

"ಆಗ ಸಣ್ಣವಳು. ಆಮೇಲೆ?"

ಅವಳು ಎದ್ದು ಕೈ ತೊಳೆದುಕೊಂಡು ಬಂದು, ಬಸ್ಸಿಗೆ ಹೊತ್ತಾಗುತ್ತದೆ ಹೊರಡು ಅಂದಳು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಇತ್ತು. ಬಾಗಿಲವರೆಗೂ ಬರಲಿಲ್ಲ. ನಾನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಕಾದೆ.

ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಐದಾರು ದಿನಕ್ಕೆ ಅವಳ ಮಗ ಫೋನ್ ಮಾಡಿದ.

"ಪುಷ್ಪತ್ತೆ, ನೀವು ಬಂದು ಹೋದಾಗಿಂದ ಅಮ್ಮನಿಗೆ ಏನೋ ಆಗಿದೆ. ಅಂಗಳದಲ್ಲಿರೋ ಗಿಡ ಎಲ್ಲ ಕಿತ್ತು ಹಾಕಿದ್ದಾಳೆ. ಈಗ ಒಂದೊಂದನ್ನೇ ಅವಳೇ ನೆಡ್ತಿದ್ದಾಳೆ. ಯಾರಿಗೂ ಮುಟ್ಟೋಕೆ ಬಿಡ್ತಿಲ್ಲ, ಊಟಕ್ಕೆ ಕರೆದರೂ ಬರಲ್ಲ. ನೀವು ಅವಳಿಗೆ ಏನು ಹೇಳಿದ್ರಿ?"